ಡಿ ಡ್ರೈವ್ ಖಾಲಿ ಮಾಡಿದ ದಿನ

ಇವತ್ತು ಮನೆ ಕಂಪ್ಯೂಟರಿನ ಡಿ ಡ್ರೈವ್ ಫಾರ್ಮ್ಯಾಟ್ ಮಾಡಿದೆ. ಬೇಕಾದದ್ದನ್ನು ಹೊರಗಿನ ಡಿಸ್ಕಿಗೆ ಕಾಪಿ ಮಾಡಿ, ನಾಲ್ಕಾರು ಫೈಲ್ ತೆರೆದು ನೋಡಿ, ಆಮೇಲೇ ಕೈ ಹಾಕಿದ್ದು. ಡಿಸ್ಕಿನಲ್ಲಿ ಫೈಲ್ ಜೋಡಿಸಿಡುವ ಪದ್ಧತಿಗಳಲ್ಲಿ ಎನ್‌ಟಿಎಫ್‌ಎಸ್ ಆರಿಸಿಕೊಂಡೆ, ಯಾಕೆಂದರೆ ಇನ್ನೊಂದು ಪದ್ಧತಿಯಾದ ಎಫ್‌ಎಟಿ32ರಲ್ಲಿ 4 ಜಿಬಿ ದಾಟಿದ ಫೈಲ್ ಕೂರುವುದಿಲ್ಲ, ನಮ್ಮ ವಿಡಿಯೊಗಳಲ್ಲಿ ಕೆಲವು ಅದಕ್ಕಿಂತ ದೊಡ್ಡವು.

'ಕ್ವಿಕ್ ಫಾರ್ಮ್ಯಾಟ್' ಪಕ್ಕದ ಟಿಕ್ ನೋಡುತ್ತಾ ಸ್ವಲ್ಪ ಹೊತ್ತು ಕೂತೆ. ಟಿಕ್ ಇದ್ದರೆ ಕೆಲಸ ಕ್ಷಣದಲ್ಲಿ ಮುಗಿಯುತ್ತೆ, ಆದರೆ ಹೋಗುವುದು ಯಾವ ಫೈಲ್ ಎಲ್ಲಿದೆ ಅನ್ನೋ ಲೆಕ್ಕ ಮಾತ್ರ. ಪುಸ್ತಕದ ಪರಿವಿಡಿ ಹರಿದ ಹಾಗೆ. ಒಳಗಿನ ಪುಟಗಳು ಇದ್ದಲ್ಲೇ ಇರುತ್ತವೆ. ಹಾರ್ಡ್ ಡಿಸ್ಕಿನಲ್ಲಿ ಅದರ ಮೇಲೆ ಹೊಸದು ಬರೆಯುವವರೆಗೂ ರಿಕವರಿ ಸಾಫ್ಟ್‌ವೇರ್ ಅವನ್ನು ಹೆಕ್ಕಿ ತೆಗೆಯಬಹುದು. ಟಿಕ್ ತೆಗೆದರೆ ಮಾತ್ರ, ವಿಂಡೋಸ್ ವಿಸ್ಟಾದಿಂದ ಈಚೆಗೆ, ಇಡೀ ಡ್ರೈವ್ ಮೇಲೆ ಸೊನ್ನೆ ಬರೆದು ಕೆಟ್ಟ ಸೆಕ್ಟರ್‌ಗಳನ್ನೂ, ಅಂದರೆ ಡಿಸ್ಕಿನಲ್ಲಿ ಹಾಳಾದ ಜಾಗಗಳನ್ನೂ, ಹುಡುಕುತ್ತೆ. ನಮ್ಮದು ಹಳೇ ಡಿಸ್ಕ್. ಟಿಕ್ ತೆಗೆದೆ.

ಹಸಿರು ಪಟ್ಟಿ ನಿಧಾನಕ್ಕೆ ತೆವಳುವಾಗ ಒಂದು ಯೋಚನೆ ಬಂತು. 'ನ್ಯೂ ಫೋಲ್ಡರ್' ಒಳಗೆ 'ನ್ಯೂ ಫೋಲ್ಡರ್', ವರ್ಷಗಟ್ಟಲೆ ಕೂಡಿಟ್ಟದ್ದು. ಅಷ್ಟರಲ್ಲಿ ಬೇಕೇ ಬೇಕು ಅನಿಸಿದ್ದು ಫೋಟೊಗಳು ಮತ್ತು ಅಪ್ಪನ ದನಿ ಇರೋ ಒಂದಷ್ಟು ರೆಕಾರ್ಡಿಂಗ್. ಮಿಕ್ಕಿದ್ದಕ್ಕೆ ಮನಸ್ಸು ಅಲುಗಲೇ ಇಲ್ಲ. ಆ ರೆಕಾರ್ಡಿಂಗ್‌ಗಳನ್ನು ಪೆನ್‌ಡ್ರೈವಿಗೂ ಒಂದು ಕಾಪಿ ಹಾಕಿ ಅಕ್ಕನಿಗೆ ಕೊಡ್ತಿದ್ದೀನಿ.