ಹಳೇಬೀಡು, ಬೆಳವಾಡಿ: ವಾಹನವನ್ನು ಒಂದೆಡೆ ನಿಲ್ಲಿಸಿ ನಡೆದು ನೋಡಬೇಕಾದ ಊರುಗಳು

ಹೊಯ್ಸಳ ದೇಗುಲಗಳನ್ನು ನೋಡಲು ಬೆಂಗಳೂರಿನಿಂದ ಹೊರಡುವವರ ಪಟ್ಟಿಯಲ್ಲಿ ಸಾಮಾನ್ಯವಾಗಿ ಬೇಲೂರು, ಹಳೇಬೀಡು, ಶ್ರವಣಬೆಳಗೊಳ ಮೂರೂ ಇರುತ್ತವೆ. ಮೂರನ್ನೂ ಒಂದೇ ದಿನದಲ್ಲಿ ಮುಗಿಸಿ ರಾತ್ರಿಯೇ ಮನೆ ಸೇರಬೇಕೆಂಬ ಹಟವೂ ಇರುತ್ತದೆ. ಬೆಂಗಳೂರಿನಿಂದ ಹಾಸನಕ್ಕೆ ಸುಮಾರು 185 ಕಿ.ಮೀ., ಹಾಸನದಿಂದ ಹಳೇಬೀಡಿಗೆ ಸುಮಾರು 30, ಅಲ್ಲಿಂದ ಬೇಲೂರಿಗೆ 16. ಅಲ್ಲಿಂದ ಹಿಂದಿರುಗಿ, ಬೆಳಗೊಳದ ಬೆಟ್ಟ ಹತ್ತಿ ಇಳಿದು ಊರು ಮುಟ್ಟುವಷ್ಟರಲ್ಲಿ ಒಬ್ಬನೇ ಚಾಲಕ 400 ಕಿ.ಮೀ.ಗೂ ಹೆಚ್ಚು ದೂರ ಗಾಡಿ ಓಡಿಸಿರುತ್ತಾನೆ. ದಾರಿಯಲ್ಲಿ ತಿಂಡಿಗೆ ತಡವಾಯಿತು, ಬೇಲೂರಿನಲ್ಲಿ ಗೈಡ್ ಅರ್ಧ ಗಂಟೆ ಹೆಚ್ಚು ತೆಗೆದುಕೊಂಡರು ಎಂದು ಕಳೆದುಹೋದ ಸಮಯವನ್ನೆಲ್ಲ ಅವನು ಹೆದ್ದಾರಿಯಲ್ಲಿ ಮರಳಿ ಪಡೆಯಲಾರ. ಅದನ್ನು ಹಳ್ಳಿಗಳ ನಡುವಿನ ಕಿರಿದಾದ ರಸ್ತೆಗಳಲ್ಲಿ, ಶಾಲೆ ಬಿಡುವ ಹೊತ್ತಿನಲ್ಲಿ, ದನ ಹಟ್ಟಿಗೆ ಮರಳುವ ಹೊತ್ತಿನಲ್ಲಿ ಸರಿದೂಗಿಸಲು ನೋಡುತ್ತಾನೆ. ಹಳೇಬೀಡಿನ ರಸ್ತೆಯಲ್ಲಿ ಕಂಡ ಅಪಾಯಗಳಲ್ಲಿ ಹೆಚ್ಚಿನವು ನಾವು ಮನೆಯಲ್ಲಿ ಕೂತು ಹಾಕಿಕೊಂಡ ಆ ಪಟ್ಟಿಯಿಂದಲೇ ಹುಟ್ಟುತ್ತವೆ ಎಂಬುದು ಈ ಪ್ರವಾಸದಲ್ಲಿ ನನಗೆ ಮನದಟ್ಟಾದ ಸಂಗತಿ. ಆದ್ದರಿಂದ ಅಲ್ಲಿಗೆ ಹೊರಟಿರುವವರಿಗೆ ನನ್ನ ಮೊದಲ ಸಲಹೆ, ಆ ಒಂದು ದಿನದ ಪಟ್ಟಿಯಿಂದ ಒಂದು ಊರನ್ನಾದರೂ ಕೈಬಿಡಿ ಎಂಬುದು.

ನಾವು ವಯಸ್ಸಾದ ತಂದೆತಾಯಿ ಮತ್ತು ಇಬ್ಬರು ಮಕ್ಕಳೊಂದಿಗೆ ಹಿಂದಿನ ಸಂಜೆಯೇ ಹಾಸನ ಸೇರಿ ಅಲ್ಲಿ ತಂಗಿದ್ದೆವು. ಸ್ವಂತ ಕಾರು ಇಲ್ಲದವರಿಗೂ, ಇದ್ದರೂ ದೂರದ ಚಾಲನೆ ಬೇಡವೆನ್ನುವವರಿಗೂ ರೈಲು ಒಳ್ಳೆಯ ದಾರಿ. 2017ರಲ್ಲಿ ಕುಣಿಗಲ್, ಶ್ರವಣಬೆಳಗೊಳ ಮಾರ್ಗ ಪೂರ್ಣಗೊಂಡ ಮೇಲೆ ಬೆಂಗಳೂರಿನಿಂದ ಹಾಸನಕ್ಕೆ ನೇರ ರೈಲುಗಳಿವೆ. ಹುಬ್ಬಳ್ಳಿ ಕಡೆಯಿಂದ ಬರುವವರು ಅರಸೀಕೆರೆಯಲ್ಲಿ ಇಳಿಯಬಹುದು. ಹಾಸನದಿಂದ ಹಳೇಬೀಡಿಗೂ ಬೇಲೂರಿಗೂ ಸಾರಿಗೆ ಸಂಸ್ಥೆಯ ಬಸ್ಸುಗಳು ಓಡಾಡುತ್ತವೆ, ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಬಸ್ಸುಗಳಲ್ಲಿ 2023ರ ಜೂನ್‌ನಿಂದ ಉಚಿತ ಪ್ರಯಾಣವೂ ಇದೆ. ದಿನವೂ ಅದೇ ರಸ್ತೆಯಲ್ಲಿ ಓಡಾಡುವ ಬಸ್ ಚಾಲಕನಿಗೆ ಯಾವ ತಿರುವಿನಾಚೆ ಹಂಪ್ ಇದೆ, ಯಾವ ಮನೆಯ ಮುಂದೆ ಎಮ್ಮೆ ಕಟ್ಟಿರುತ್ತಾರೆ ಎಂಬುದು ಗೊತ್ತಿರುತ್ತದೆ. ಹೊರಗಿನಿಂದ ಬಂದ ನಮಗೆ ಅದು ಗೊತ್ತಿರುವುದಿಲ್ಲ.

ಹಾಸನದಿಂದ ಬೇಲೂರು ರಸ್ತೆಯಲ್ಲಿ ಹಗರೆಯವರೆಗೆ ಹೋಗಿ ಅಲ್ಲಿ ಬಲಕ್ಕೆ ತಿರುಗಿದರೆ ಅಡಗೂರಿನ ಮೇಲೆ ಹಳೇಬೀಡು ಸಿಗುತ್ತದೆ. ಹಗರೆಯವರೆಗಿನ ಹೆದ್ದಾರಿಯಲ್ಲಿ ಬಂದ ವೇಗವನ್ನು ತಿರುಗಿದ ಮೇಲೂ ಹಾಗೆಯೇ ಉಳಿಸಿಕೊಳ್ಳುವುದು ಬಹಳ ಜನರ ಅಭ್ಯಾಸ. ನವೆಂಬರಿನಿಂದ ಜನವರಿಯವರೆಗೆ ಬೆಳಗಿನ ಹೊತ್ತು ಈ ಕಡೆ ಮಂಜು ದಟ್ಟವಾಗಿರುತ್ತದೆ, ಅದೇ ಹೊತ್ತಿಗೆ ಬೈಕಿನ ಎರಡೂ ಬದಿಗೆ ಹಾಲಿನ ಕ್ಯಾನು ಕಟ್ಟಿಕೊಂಡವರು ಡೇರಿಯ ಕಡೆ ಹೊರಟಿರುತ್ತಾರೆ, ಹಿಂಬದಿಯ ದೀಪವೂ ಇಲ್ಲದ, ರಿಫ್ಲೆಕ್ಟರ್ ಅಂಟಿಸದ ಟ್ರ್ಯಾಕ್ಟರ್ ಟ್ರೈಲರ್‌ಗಳು ಹೊಲದಿಂದ ರಸ್ತೆಗೆ ಏರುತ್ತವೆ. ಮಂಜಿನಲ್ಲಿ ಹೈ ಬೀಮ್ ಹಾಕಿದರೆ ಎದುರಿಗೆ ಬಿಳಿಯ ಗೋಡೆಯಷ್ಟೇ ಕಾಣುತ್ತದೆ. ಲೋ ಬೀಮ್ ಹಾಕಿಕೊಂಡು ನಿಧಾನವಾಗಿ ಹೋಗಬೇಕು, ಇಲ್ಲವೇ ಎಂಟು ಗಂಟೆಯ ಮೇಲೆ ಹೊರಡಬೇಕು. ನಾವು ಎರಡನೆಯದನ್ನು ಆರಿಸಿಕೊಂಡೆವು.

ವೇಗದ ಲೆಕ್ಕವನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಊರೊಳಗೆ ಕಾಲು ತಾನಾಗಿ ಬ್ರೇಕಿನ ಕಡೆ ಹೋಗುತ್ತದೆ. ಗಂಟೆಗೆ 60 ಕಿ.ಮೀ. ವೇಗದ ಕಾರು ಒಂದು ಸೆಕೆಂಡಿನಲ್ಲಿ ಸುಮಾರು 17 ಮೀಟರ್ ಸಾಗುತ್ತದೆ. ಅಂಗಡಿಯ ಮರೆಯಿಂದ ಮಗುವೊಂದು ರಸ್ತೆಗೆ ಓಡಿಬಂದದ್ದನ್ನು ಕಂಡು ಬ್ರೇಕ್ ಒತ್ತುವಷ್ಟರಲ್ಲಿಯೇ ಆ ಒಂದು ಸೆಕೆಂಡು ಮುಗಿದಿರುತ್ತದೆ, ಕಾರು ನಿಲ್ಲಲು ಇನ್ನೂ ದೂರ ಬೇಕು. ವೇಗ 30 ಇದ್ದರೆ ಆ ಸೆಕೆಂಡಿನಲ್ಲಿ ಸಾಗುವುದು ಎಂಟು ಮೀಟರ್ ಮಾತ್ರ, ಬ್ರೇಕ್ ಹಿಡಿದ ಮೇಲೆ ನಿಲ್ಲಲು ಬೇಕಾಗುವ ದೂರವಂತೂ ಕಾಲು ಭಾಗಕ್ಕೆ ಇಳಿಯುತ್ತದೆ.

ಹಳೇಬೀಡಿನಲ್ಲಿ ದೇವಾಲಯವೂ ಬಸ್ ನಿಲ್ದಾಣವೂ ಪೇಟೆಯೂ ಅಕ್ಕಪಕ್ಕದಲ್ಲೇ ಇವೆ. 1121ರ ಸುಮಾರಿಗೆ ಕಟ್ಟಲಾರಂಭಿಸಿದ ಹೊಯ್ಸಳೇಶ್ವರ ದೇವಾಲಯವು ಬೇಲೂರಿನ ಚೆನ್ನಕೇಶವ ಮತ್ತು ಸೋಮನಾಥಪುರದ ಕೇಶವ ದೇವಾಲಯಗಳೊಂದಿಗೆ 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಆ ಮೇಲೆ ಗಾಡಿಗಳು ಹೆಚ್ಚಾಗಿವೆ, ರಸ್ತೆ ಮಾತ್ರ ಅಷ್ಟೇ ಇದೆ ಎಂದು ಅಲ್ಲಿನ ಅಂಗಡಿಯವರು ಹೇಳುತ್ತಾರೆ. ಡಿಸೆಂಬರ್ ಬಂತೆಂದರೆ ರಾಜ್ಯದ ಮೂಲೆಮೂಲೆಯಿಂದ ಶಾಲಾ ಪ್ರವಾಸದ ಬಸ್ಸುಗಳು ಬರುತ್ತವೆ, ಶಬರಿಮಲೆಯ ಯಾತ್ರಿಕರ ವಾಹನಗಳೂ ಅದೇ ಕಾಲಕ್ಕೆ ಸೇರಿಕೊಳ್ಳುತ್ತವೆ.

ನಾವು ಇಳಿದ ಹೊತ್ತಿಗೆ ಒಂದು ಬಾಡಿಗೆ ಟೆಂಪೋ ಟ್ರಾವೆಲರ್ ಜನರನ್ನು ಇಳಿಸಿ, ತಿರುಗಿಸಿಕೊಳ್ಳಲು ರಸ್ತೆಗೇ ಹಿಮ್ಮುಖವಾಗಿ ಬರುತ್ತಿತ್ತು. ಹಿಂದೆ ನಿಂತ ಹುಡುಗ ಗಾಡಿಯ ಮೈಗೆ ಬಡಿದು "ಬರ್ಲಿ, ಬರ್ಲಿ" ಎನ್ನುತ್ತಿದ್ದ. ಅವನ ಕಣ್ಣು ಎಡಗಡೆಯ ಕಲ್ಲಿನ ಮೇಲಿತ್ತು. ಬಲಗಡೆಯಿಂದ ಶಾಲೆಯ ಮಕ್ಕಳ ಸಾಲೊಂದು ರಸ್ತೆ ದಾಟುತ್ತಿತ್ತು. ಮುಂದಿದ್ದ ಮೇಷ್ಟ್ರು ಆಗಲೇ ಆಚೆ ಬದಿಗೆ ಮುಟ್ಟಿದ್ದರು, ಸಾಲಿನ ಕೊನೆಯ ಪುಟ್ಟ ಹುಡುಗಿ ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳಲು ಬಗ್ಗಿದ್ದಳು. ಎಳನೀರಿನವರು ಮಚ್ಚನ್ನು ಅಲ್ಲಿಯೇ ಬಿಟ್ಟು ಓಡಿಬಂದು ಅವಳ ರಟ್ಟೆ ಹಿಡಿದು ಎಳೆದುಕೊಂಡರು. "ದಿನಾ ಇದೇ ಆಗೋಗೈತೆ ಸಾರ್, ನಾವು ಯಾಪಾರ ನೋಡ್ಕಳಾದೋ ಮಕ್ಕಳನ್ನ ನೋಡ್ಕಳಾದೋ" ಎಂದು ಅವರು ಹೇಳಿದ್ದು ದೂರಿನ ದನಿಯಲ್ಲಿ ಅಲ್ಲ, ಆದರೆ ಆ ಮಾತಿಗೆ ಉತ್ತರ ಕೊಡಬೇಕಾದವರು ನಾವೆಲ್ಲ ಇದ್ದೇವೆ. ಆ ಟ್ರಾವೆಲರ್‌ನ ಚಾಲಕ ಬೆಳಗಿನ ಜಾವ ಮೂರಕ್ಕೆ ಎದ್ದು ಹೊರಟವನಂತೆ, ಸಂಜೆಗೆ ಚಿಕ್ಕಮಗಳೂರಿನ ಬೆಟ್ಟವೂ ಆಗಬೇಕಿತ್ತಂತೆ. ಶಾಲಾ ಪ್ರವಾಸ ಕರೆದೊಯ್ಯುವ ಶಿಕ್ಷಕರಿಗೆ ಒಂದು ವಿನಂತಿ: ಸಾಲಿನ ಮುಂದೆ ಒಬ್ಬರು ಇದ್ದರೆ ಸಾಲದು, ಕೊನೆಯಲ್ಲಿಯೂ ಒಬ್ಬರು ಇರಬೇಕು, ಬಸ್ಸನ್ನು ದೇವಾಲಯದ ಬದಿಗೇ ನಿಲ್ಲಿಸಿ ಬಾಗಿಲು ರಸ್ತೆಯ ಕಡೆಗಿಲ್ಲದಂತೆ ಮಕ್ಕಳನ್ನು ಇಳಿಸಿದರೆ ದಾಟುವ ಪ್ರಮೇಯವೇ ಬರುವುದಿಲ್ಲ.

ಹಳೇಬೀಡಿನಲ್ಲಿ ಗಾಡಿಯನ್ನು ಒಮ್ಮೆ ಪಾರ್ಕಿಂಗ್ ಜಾಗದಲ್ಲಿ ನಿಲ್ಲಿಸಿದ ಮೇಲೆ ಊರು ಬಿಡುವವರೆಗೂ ತೆಗೆಯಬೇಡಿ. ಹೊಯ್ಸಳೇಶ್ವರದಿಂದ ಬಸ್ತಿಹಳ್ಳಿಯ ಜೈನ ಬಸದಿಗಳೂ ಕೇದಾರೇಶ್ವರ ದೇವಾಲಯವೂ ಸ್ವಲ್ಪ ದೂರದ ನಡಿಗೆ ಅಷ್ಟೆ. ಹೀಗಿದ್ದೂ ಬಹಳಷ್ಟು ಜನ ಕಾರು ತೆಗೆದು, ಅಲ್ಲಿ ಮತ್ತೆ ರಸ್ತೆಯ ಅಂಚಿಗೆ ನಿಲ್ಲಿಸಿ, ಮತ್ತೆ ಹಿಮ್ಮುಖವಾಗಿ ತೆಗೆದು ಬರುತ್ತಾರೆ. ನಮ್ಮ ತಂದೆಗೆ ಮಂಡಿನೋವು, ಆದರೂ ನಡುವೆ ಕೂತು ವಿಶ್ರಮಿಸಿಕೊಂಡು ನಡೆದೇ ಹೋದರು. 1133ರ ಪಾರ್ಶ್ವನಾಥ ಬಸದಿಯ ಕನ್ನಡಿಯಂತೆ ಹೊಳೆಯುವ ಕಂಬಗಳ ಮುಂದೆ ಅವರು ನಿಂತಷ್ಟು ಹೊತ್ತು ಮುಖ್ಯ ದೇವಾಲಯದಲ್ಲಿಯೂ ನಿಂತಿರಲಿಲ್ಲ. ನಡೆಯುವಾಗ ಬರುವ ಗಾಡಿಗೆ ಮುಖ ಮಾಡಿ, ರಸ್ತೆಯ ಬಲಬದಿಯಲ್ಲಿ, ಒಬ್ಬರ ಹಿಂದೆ ಒಬ್ಬರು ನಡೆಯಿರಿ. ಮಕ್ಕಳ ಕೈ ಹಿಡಿದಿರಿ, ಅವರು ಗಾಡಿಗಳಿಂದ ದೂರದ ಬದಿಗಿರಲಿ. ಶಿಲ್ಪಗಳ ಸಂಗ್ರಹಾಲಯ ನೋಡಬೇಕೆನ್ನುವವರು ಶುಕ್ರವಾರ ಬಿಟ್ಟು ಬನ್ನಿ, ಅಂದು ಅದಕ್ಕೆ ರಜೆ.

ಹಳೇಬೀಡಿನಿಂದ ಜಾವಗಲ್ ಕಡೆಗೆ ಸುಮಾರು 12 ಕಿ.ಮೀ. ಹೋದರೆ ಬೆಳವಾಡಿ. ಊರು ಚಿಕ್ಕಮಗಳೂರು ತಾಲ್ಲೂಕಿನದು. ವೀರನಾರಾಯಣ, ವೇಣುಗೋಪಾಲ, ಯೋಗನರಸಿಂಹ ಹೀಗೆ ಮೂರು ಗರ್ಭಗುಡಿಗಳಿರುವ ಇಲ್ಲಿನ ದೇವಾಲಯ ಎರಡನೆಯ ವೀರಬಲ್ಲಾಳನ ಕಾಲದ್ದು. ಜನಸಂದಣಿ ಇಲ್ಲದ್ದರಿಂದ ರಸ್ತೆಯೂ ನಿರ್ಭಯವಾಗಿರುತ್ತದೆ ಎಂದುಕೊಳ್ಳಬಾರದು. ಸುಗ್ಗಿಯ ಕಾಲದಲ್ಲಿ ಈ ಭಾಗದ ರಸ್ತೆಗಳ ಮೇಲೆ ರಾಗಿಯ ತೆನೆ, ಹುರುಳಿಯ ಬಳ್ಳಿ ಹರಡಿರುತ್ತದೆ, ಗಾಡಿಗಳ ಚಕ್ರವೇ ಒಕ್ಕಣೆ ಮಾಡಬೇಕು. ನಾವು ಹೋಗುವಾಗ ಅರ್ಧ ರಸ್ತೆಗೆ ಹುರುಳಿ ಹಾಸಿ, ಅಂಚಿಗೆ ತಲೆಗಾತ್ರದ ಕಲ್ಲುಗಳನ್ನು ಇಟ್ಟು, ಮಧ್ಯವಯಸ್ಸಿನ ಹೆಂಗಸೊಬ್ಬರು ಕೋಲಿನಿಂದ ಬಳ್ಳಿಯನ್ನು ತಿರುವಿಹಾಕುತ್ತಿದ್ದರು. ಕಾರು ನಿಧಾನವಾದದ್ದನ್ನು ಕಂಡು, "ಹಂಗೇ ಮೆತ್ತಗೆ ಹೋಗಣ್ಣ, ಬ್ರೇಕ್ ಮಾತ್ರ ಹಿಡೀಬ್ಯಾಡ, ಜಾರ್ತದೆ" ಎಂದರು. ಅದು ನೂರಕ್ಕೆ ನೂರು ಸರಿಯಾದ ಮಾತು. ಹುಲ್ಲಿನ ಮೇಲೆ ಟೈರಿಗೆ ಹಿಡಿತವಿರುವುದಿಲ್ಲ, ಬೈಕಂತೂ ಬ್ರೇಕ್ ಮುಟ್ಟಿದರೆ ಮಗುಚುತ್ತದೆ. ಹುರುಳಿಯ ಬಳ್ಳಿ ಕಾರಿನ ತಳದಲ್ಲಿ ಸುತ್ತಿಕೊಂಡು, ಬಿಸಿ ಸೈಲೆನ್ಸರ್‌ಗೆ ತಗುಲಿ ಬೆಂಕಿ ಹೊತ್ತಿಕೊಂಡ ಸುದ್ದಿಗಳೂ ಸುಗ್ಗಿಯಲ್ಲಿ ಕೇಳಿಬರುತ್ತವೆ. ಒಕ್ಕಣೆಯ ಜಾಗ ಸಿಕ್ಕರೆ ಮೊದಲೇ ವೇಗ ಇಳಿಸಿ, ಖಾಲಿ ಬದಿಯಿದ್ದರೆ ಎದುರಿನ ಗಾಡಿಯನ್ನು ಬಿಟ್ಟು ಆ ಬದಿಯಿಂದ ಸಾಗಿ, ದಾಟಿದ ಮೇಲೆ ಒಂದೆಡೆ ನಿಲ್ಲಿಸಿ ತಳದಲ್ಲಿ ಬಳ್ಳಿ ಸಿಕ್ಕಿಕೊಂಡಿದೆಯೇ ನೋಡಿಕೊಳ್ಳಿ. ರಾತ್ರಿ ಈ ರಸ್ತೆಗಳಲ್ಲಿ ಬೈಕಿನಲ್ಲಿ ಹೋಗಲೇಬೇಡಿ. ಹುಲ್ಲು ಎತ್ತಿದ ಮೇಲೂ ಕಲ್ಲುಗಳು ಹಾಗೆಯೇ ಉಳಿದಿರುತ್ತವೆ.

ಕಲ್ಲನ್ನಾದರೂ ಸಂಜೆ ತೆಗೆದುಬಿಡಿ ಅಕ್ಕ, ಕತ್ತಲೆಯಲ್ಲಿ ಬೈಕಿನವರಿಗೆ ಕಾಣುವುದಿಲ್ಲ ಎಂದು ನಾನು ಕೇಳಿಕೊಂಡಾಗ ಅವರು ಒಪ್ಪಿದರು, ಆದರೆ "ಕಣ ಮಾಡಾಕೆ ಜಾಗ ಎಲ್ಲೈತೆ, ಸಾರ್ಸೋಕೆ ಆಳೂ ಸಿಗಲ್ಲ" ಎಂದೂ ಹೇಳಿದರು. ರೈತರನ್ನು ಬೈದು ಈ ಪದ್ಧತಿ ನಿಲ್ಲಿಸಲಾಗದು. ಉದ್ಯೋಗ ಖಾತ್ರಿಯಲ್ಲಿ ಒಕ್ಕಣೆ ಕಣ ಕಟ್ಟಿಸಿಕೊಟ್ಟ ಪಂಚಾಯಿತಿಗಳು ನಮ್ಮ ರಾಜ್ಯದಲ್ಲಿವೆ. ಪ್ರವಾಸಿಗರ ವಾಹನ ಹೆಚ್ಚಿರುವ ರಸ್ತೆಗಳ ಊರುಗಳಿಗೆ ಅದು ಮೊದಲು ಸಿಗಬೇಕು.

ಹಳೇಬೀಡಿನಲ್ಲಿ ಆಗಬೇಕಾದ ಕೆಲಸವೂ ದೊಡ್ಡ ಖರ್ಚಿನದಲ್ಲ. ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶವಾದ್ದರಿಂದ ಸ್ಕೈವಾಕ್‌ನಂಥ ಕಟ್ಟಡದ ಮಾತಿನಲ್ಲಿ ಹುರುಳಿಲ್ಲ. ಪರಿಹಾರ ರಸ್ತೆಯ ಮೇಲೆಯೇ ಸಿಗಬೇಕು. ದೇವಾಲಯದ ಮುಂದೆ ಜನ ದಾಟುವ ಜಾಗವನ್ನೇ ಸ್ವಲ್ಪ ಎತ್ತರಿಸಿ ಜೀಬ್ರಾ ಪಟ್ಟೆ ಬಳಿಯಬೇಕು, ಬಸದಿಗಳವರೆಗೆ ಒಂದು ಬದಿಗಾದರೂ ಕಾಲುದಾರಿ ಬೇಕು, ದೊಡ್ಡ ಬಸ್ಸುಗಳಿಗೆ ಊರಿನ ಹೊರಗೆ ನಿಲ್ಲುವ ಜಾಗ ಗೊತ್ತುಮಾಡಬೇಕು. ಹಂಪ್‌ಗಳ ವಿಷಯದಲ್ಲಿ, ರಸ್ತೆಗಳ ಮಾನದಂಡ ರೂಪಿಸುವ ಸಂಸ್ಥೆಯಾದ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾನದಂಡ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ ಎನ್ನುತ್ತದೆ. ಹಳ್ಳಿಗಳಲ್ಲಿ ಅಪಘಾತವಾದ ಮರುದಿನ ಸಿಟ್ಟಿನಲ್ಲಿ ಹಾಕಿದ ಗಿಡ್ಡ, ಚೂಪು ದಿಬ್ಬಗಳಿಗೆ ಬಣ್ಣವೂ ಇಲ್ಲ, ಮುಂಚೆ ಫಲಕವೂ ಇಲ್ಲ. ಹಿಂದೆ ಕೂತ ಹೆಂಗಸರು ಮಕ್ಕಳು ಬೈಕಿನಿಂದ ಎಗರಿ ಬೀಳುವುದು ಅಂಥಲ್ಲಿಯೇ. ಬಾಡಿಗೆ ಬೈಕಿನಲ್ಲಿ ಬರುವವರು ಹಿಂಬದಿ ಸವಾರರಿಗೂ ಹೆಲ್ಮೆಟ್ ಕೇಳಿ ಪಡೆಯಿರಿ, ಕಾನೂನಿನ ಪ್ರಕಾರ ಇಬ್ಬರಿಗೂ ಅದು ಕಡ್ಡಾಯ.

ಅಪಘಾತ ಕಣ್ಣಿಗೆ ಬಿದ್ದರೆ 108ಕ್ಕೆ ಆಂಬುಲೆನ್ಸಿಗಾಗಿ, 112ಕ್ಕೆ ಪೊಲೀಸರಿಗಾಗಿ ಕರೆ ಮಾಡಿ. ದೊಡ್ಡ ಗಾಯಗಳಿಗೆ ಹಾಸನದ ವೈದ್ಯಕೀಯ ಕಾಲೇಜು ಆಸ್ಪತ್ರೆಯೇ ಗತಿ. ಗಾಯಾಳುವನ್ನು ಮುಟ್ಟಿದರೆ ಕೋರ್ಟು ಕಚೇರಿ ಅಲೆಯಬೇಕಾಗುತ್ತದೆ ಎಂಬ ಭಯ ಬೇಡ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 134ಎ ಕಲಮು ಒಳ್ಳೆಯ ಮನಸ್ಸಿನಿಂದ ನೆರವಾದವರಿಗೆ ರಕ್ಷಣೆ ಕೊಡುತ್ತದೆ. ಸ್ಥಳದ ಹೆಸರು ಹೇಳಲು ಬರುವಂತೆ ದಾಟಿ ಬಂದ ಊರುಗಳ ಫಲಕಗಳನ್ನು ಗಮನಿಸುತ್ತಿರಿ.

ಬೆಳವಾಡಿಯನ್ನು ಮಧ್ಯಾಹ್ನದ ಊಟದೊಳಗೆ ನೋಡಿ ಮುಗಿಸಿ, ನಾಲ್ಕು ಗಂಟೆಯ ಸುಮಾರಿಗೆ, ಅಂದರೆ ಶಾಲೆ ಬಿಡುವ ಮುಂಚೆಯೇ, ಹಳ್ಳಿಯ ರಸ್ತೆಗಳನ್ನು ದಾಟಿ ಹೆದ್ದಾರಿ ಸೇರಿಕೊಂಡರೆ ಉಳಿದ ದಾರಿ ಸಲೀಸು. ಬೇಲೂರನ್ನು ಮರುದಿನ ಬೆಳಗ್ಗೆ ಹಾಸನದಿಂದಲೋ ಚಿಕ್ಕಮಗಳೂರಿನಿಂದಲೋ ಹೋಗಿ ನೋಡಬಹುದು. ಬೆಳಗೊಳವನ್ನು ಬೆಂಗಳೂರಿಗೆ ಮರಳುವ ದಾರಿಯಲ್ಲಿ ಇಟ್ಟುಕೊಳ್ಳಿ, ಚಾಲಕನಿಗೆ ರಾತ್ರಿಯ ನಿದ್ದೆ ಆಗಿದ್ದರೆ ಮಾತ್ರ.