ದಿ ಸಿಮ್ಸ್ 4: ವೆಂಕಮ್ಮನ ಮನೆತನ, ಮೂರನೆಯ ತಲೆಮಾರು

ವೆಂಕಮ್ಮನ ಮನೆತನ ಈಗ ಮೂರನೆಯ ತಲೆಮಾರಿಗೆ ಕಾಲಿಟ್ಟಿದೆ. ಕಲ್ಪಿತ ಮನೆಮಂದಿಯ ದಿನನಿತ್ಯದ ಬದುಕನ್ನು ನಾವೇ ನಡೆಸುವ ‘ದಿ ಸಿಮ್ಸ್ 4’ ಎಂಬ ವಿಡಿಯೊ ಆಟದಲ್ಲಿ ಒಂದು ಕುಟುಂಬಕ್ಕೆ 8 ಮಂದಿಯ ಮಿತಿ ಇದೆ. ವೆಂಕಮ್ಮ, ಆಕೆಯ ಗಂಡ, ನಾಲ್ವರು ಮಕ್ಕಳು, ಸೊಸೆಯಂದಿರು, ಅಳಿಯಂದಿರು ಎಲ್ಲರೂ ಸೇರಿದರೆ ಮೊಮ್ಮಕ್ಕಳು ಹುಟ್ಟುವ ಮೊದಲೇ 10 ಮಂದಿಯಾಗುವುದರಿಂದ ಮನೆ ಪಾಲಾಗಲೇಬೇಕಿತ್ತು. ಹಿರಿಯರಿಬ್ಬರು ಮೂಲ ಮನೆಯಲ್ಲಿ ಉಳಿದಿದ್ದಾರೆ. ಮಕ್ಕಳದು ನಾಲ್ಕು ಮನೆ.

ಆಟಗಾರರ ನಡುವೆ ಬಹುಕಾಲದಿಂದ ಬಳಕೆಯಲ್ಲಿರುವ ‘ಲೆಗಸಿ ಚಾಲೆಂಜ್’ನಲ್ಲಿ ಪ್ರತಿ ತಲೆಮಾರಿಗೂ ಒಬ್ಬ ವಾರಸುದಾರರನ್ನು ಆರಿಸಿ, ಆ ಒಂದು ಕವಲನ್ನೇ 10 ತಲೆಮಾರುಗಳವರೆಗೆ ಬೆಳೆಸುತ್ತಾರೆ. ಅದು ಗಟ್ಟಿಯಾದ ಕ್ರಮವೇ. ಆದರೆ ನನಗೆ ಮನೆ ಬಿಟ್ಟು ಹೋದವರ ಕಥೆಯೂ ಬೇಕು. ಚಿಕ್ಕಪ್ಪನ ಮಕ್ಕಳೂ ಸೋದರತ್ತೆಯ ಮಕ್ಕಳೂ ಒಟ್ಟಿಗೆ ಆಡಿ ಬೆಳೆಯದ ಮನೆತನದಲ್ಲಿ ವಂಶವೃಕ್ಷವೊಂದೇ ಉಳಿಯುತ್ತದೆ.

ಹಾಗೆ ಒಟ್ಟಿಗೆ ಬೆಳೆಯಬೇಕಾದರೆ ಐದೂ ಮನೆಗಳ ವಯಸ್ಸು ಒಂದೇ ಹದದಲ್ಲಿ ಸಾಗಬೇಕು. ಅದಕ್ಕಾಗಿ, ನಾನು ಆಡುತ್ತಿರುವ ಮನೆಯವರಿಗೆ ಮಾತ್ರ ವಯಸ್ಸಾಗುವಂತೆ ಸೆಟ್ಟಿಂಗ್ಸ್‌ನಲ್ಲಿ ಬದಲಾಯಿಸಿದ್ದೇನೆ. ನಾನಿಲ್ಲದ ಹೊತ್ತಿನಲ್ಲಿ ಯಾರೂ ಕೆಲಸ ಬಿಡದಂತೆ, ಯಾರಿಗೂ ಮಗು ಹುಟ್ಟದಂತೆ ಐದೂ ಮನೆಗಳಿಗೆ ‘ನೇಬರ್‌ಹುಡ್ ಸ್ಟೋರೀಸ್’ (ನಾವು ಆಡದ ಮನೆಗಳ ಬದುಕಿನಲ್ಲಿ ಆಟವೇ ಬದಲಾವಣೆ ತರುವ ವ್ಯವಸ್ಥೆ) ನಿಲ್ಲಿಸಿದ್ದೇನೆ. ಪ್ರತಿ ಮನೆಗೂ ಆಟದೊಳಗಿನ 7 ದಿನಗಳ ಒಂದು ಸರದಿ.

ಸರದಿಯ ಲೆಕ್ಕ ಋತುಗಳೊಂದಿಗೆ ಹೆಣೆದುಕೊಂಡಿದೆ, ಮತ್ತು ಇಡೀ ಯೋಜನೆಯಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗ ಇದೇ. ಆಟಕ್ಕೆ ಋತುಗಳನ್ನು ಸೇರಿಸುವ 2018ರ ‘ಸೀಸನ್ಸ್’ ವಿಸ್ತರಣೆಯಲ್ಲಿ (ಮೂಲ ಆಟಕ್ಕೆ ಬೇರೆಯಾಗಿ ಕೊಳ್ಳುವ ಸೇರ್ಪಡೆ) ಒಂದು ಋತುವಿಗೆ 7 ದಿನವೆಂದು ಇಟ್ಟುಕೊಂಡರೆ ವರ್ಷಕ್ಕೆ 28 ದಿನ. ನಾಲ್ಕೇ ಮನೆಗಳನ್ನು ಸರದಿಯಲ್ಲಿ ಆಡಿದರೆ ಒಂದು ಸುತ್ತಿಗೆ ಒಂದು ವರ್ಷ ಮುಗಿಯುತ್ತದೆ. ಆಗ ಹಿರಿಯ ಮಗನ ಮನೆಗೆ ಸದಾ ವಸಂತ, ಕಿರಿಯ ಮಗಳ ಮನೆಗೆ ಸದಾ ಚಳಿಗಾಲ. ಮೂರು ಮನೆಗಳಾದರೆ ಪ್ರತಿ ಮನೆಗೂ ಋತುಗಳು ಹಿಂದುಮುಂದಾಗಿ ಬರುತ್ತವೆ, ವಸಂತದ ನಂತರ ಚಳಿಗಾಲ. ಐದು ಮನೆಗಳಾದಾಗ ಮಾತ್ರ ಸುತ್ತಿಗೆ 35 ದಿನವಾಗಿ, ವಸಂತ ಕಂಡ ಮನೆ ಮುಂದಿನ ಸರದಿಯಲ್ಲಿ ಬೇಸಿಗೆಯನ್ನೇ ಕಾಣುತ್ತದೆ. ಹಿರಿಯರನ್ನು ಯಾವ ಮಗನ ಮನೆಗೂ ಸೇರಿಸದೆ ಮೂಲ ಮನೆಯನ್ನು ಪ್ರತ್ಯೇಕವಾಗಿ ಉಳಿಸಿಕೊಂಡಿರುವುದಕ್ಕೆ ಇದೂ ಒಂದು ಕಾರಣ.

ಐದೂ ಕುಟುಂಬಗಳನ್ನು ‘ಫಾರ್ ರೆಂಟ್’ ವಿಸ್ತರಣೆಯ ನೆರವಿನಿಂದ ಒಂದೇ ನಿವೇಶನದಲ್ಲಿ ವಠಾರದಂತೆ ಕೂರಿಸಿದ್ದೇನೆ. ಮೂಲ ಮನೆಯೇ ಮಾಲೀಕರ ಮನೆ. ಬಾಡಿಗೆಯನ್ನು ಮಾಲೀಕರೇ ನಿಗದಿಪಡಿಸಬಹುದಾದ್ದರಿಂದ ಮಕ್ಕಳಿಗೆ ಅದು ಭಾರವಾಗಿಲ್ಲ. ನಡುವಿನ ಅಂಗಳ ಎಲ್ಲರದು. ಯಾವ ಮನೆಯನ್ನು ಆಡುತ್ತಿದ್ದರೂ ಮಿಕ್ಕವರು ಅಲ್ಲೇ ಓಡಾಡುತ್ತಿರುವುದನ್ನು ನೋಡಿದಾಗ ಈ ವ್ಯವಸ್ಥೆಗೆ ಪಟ್ಟ ಶ್ರಮ ಸಾರ್ಥಕವೆನಿಸುತ್ತದೆ.

ಹಿರಿಯ ಮಗನ ಮೊದಲ ಮಗಳಿಗೆ ನಮ್ಮ ಕಡೆಯ ವಾಡಿಕೆಯಂತೆ ಅಜ್ಜಿಯ ಹೆಸರನ್ನೇ ಇಟ್ಟಿದ್ದೇನೆ. ಪಟ್ಟಿಯಲ್ಲಿ ಇಬ್ಬರು ವೆಂಕಮ್ಮಂದಿರು ಗೊಂದಲವಾಗದಿರಲೆಂದು, ಟಿಪ್ಪಣಿ ಪುಸ್ತಕದಲ್ಲಿ ಮೊಮ್ಮಗಳನ್ನು ಪುಟ್ಟಿ ಎಂದು ಬರೆದುಕೊಳ್ಳುತ್ತೇನೆ. ತೊದಲು ಮಾತಿನ ವಯಸ್ಸು ಹೆಚ್ಚುಕಡಿಮೆ ಒಂದೇ ಸರದಿಯಲ್ಲಿ ಮುಗಿದುಹೋಗುವುದರಿಂದ ಆ ವಾರ ಮನೆಯವರೆಲ್ಲ ಅವಳಿಗೇ ಮೀಸಲಾಗಿದ್ದರು. ನಡಿಗೆ, ಮಾತು, ಕಲ್ಪನೆ, ಯೋಚನೆ ಈ ನಾಲ್ಕು ಕೌಶಲಗಳು 5ನೇ ಹಂತವನ್ನೂ ಶೌಚದ ಅಭ್ಯಾಸ 3ನೇ ಹಂತವನ್ನೂ ಮುಟ್ಟಿದ್ದರಿಂದ ‘ಟಾಪ್-ನಾಚ್ ಟಾಡ್ಲರ್’ ಗುಣ ಅವಳದಾಯಿತು. ಕಥೆ ಹೇಳುವ ಕೆಲಸವನ್ನು ಅಜ್ಜಿಗೇ ವಹಿಸಿದ್ದೆ.

ಮುಂದಿನ ಸರದಿ ಮೂಲ ಮನೆಯದು. 2024ರ ‘ಲೈಫ್ ಅಂಡ್ ಡೆತ್’ ವಿಸ್ತರಣೆಯಲ್ಲಿ ಉಯಿಲು ಬರೆಯುವ ಅವಕಾಶವಿದೆ. ಹಣ ಯಾರಿಗೆ, ಮನೆತನದ ವಸ್ತುಗಳು ಯಾರಿಗೆ ಎಂಬುದನ್ನು ಅದರಲ್ಲಿ ನಮೂದಿಸಬಹುದು. ಹಣ ನಾಲ್ವರು ಮಕ್ಕಳಿಗೂ ಸಮಪಾಲು. ವೆಂಕಮ್ಮ ತಾನೇ ಬರೆದ ಚಿತ್ರಗಳನ್ನು ಮಾತ್ರ ಪುಟ್ಟಿಯ ಹೆಸರಿಗೆ ಬರೆಸಬೇಕೆಂದಿದ್ದೇನೆ. ಉಯಿಲಾದ ಮೇಲೆ ಎರಡನೆಯ ಮಗನ ಮನೆಯಲ್ಲಿ ತೊಟ್ಟಿಲು ಹಾಕಬೇಕು. ಪುಟ್ಟಿ ಶಾಲೆಗೆ ಹೋಗುವಷ್ಟು ದೊಡ್ಡವಳಾಗಿರುವುದರಿಂದ, ಇನ್ನೂ ತಡವಾದರೆ ಆ ಮಗುವಿಗೂ ಅವಳಿಗೂ ವಯಸ್ಸಿನ ಅಂತರ ಹೆಚ್ಚಾಗುತ್ತದೆ.