ರಟ್ಟು ತಗೊಂಡು ಬಾ

"ಬರೇ ಎಣ್ಣಿ ಐತಲ್ಲ ಕಾಕಾ, ಏನಾಕ್ಕತಿ?"

ಮೊನ್ನೆಯಿಂದ ಈ ಮಾತು ಕಿವಿ ಬಿಟ್ಟು ಹೋಗುತ್ತಿಲ್ಲ. ಕೇಳಿದ ಹುಡುಗನಿಗೆ ಇನ್ನೂ ಮೀಸೆ ಸರಿಯಾಗಿ ಮೂಡಿಲ್ಲ. ಬಾಡಿಗೆಗೆ ಬಂದ, ಹುಲ್ಲು ಸುತ್ತಿ ರೋಲು ಕಟ್ಟುವ ಬೇಲರ್‌ನ ಜೊತೆ ಬಂದವನು, ರೋಲಿಗೆ ಇಷ್ಟು ಅಂತ ದುಡ್ಡು.

ಕಾರಟಗಿ ಕಡೆಯ ನಮ್ಮ ಗದ್ದೆಯಲ್ಲಿ ಭತ್ತದ ಕಟಾವು ಮುಗಿದು ಹುಲ್ಲು ಸಾಲುಸಾಲಾಗಿ ಬಿದ್ದಿತ್ತು. ಮೋಡ ಬೇರೆ. ನೆನೆದ ಹುಲ್ಲನ್ನು ಸುತ್ತಿದರೆ ಒಳಗೇ ಬೂಸ್ಟು ಹಿಡಿಯುತ್ತದೆ, ದನ ಮೂಸಿಯೂ ನೋಡುವುದಿಲ್ಲ. ಹಾಗಾಗಿ ಇಬ್ಬನಿ ಆರುತ್ತಲೇ ಮಷೀನು ಹೂಡಿಸಿದ್ದ ಅಣ್ಣ. ಮಧ್ಯಾಹ್ನದ ಹೊತ್ತಿಗೆ ಅದರ ಹಿಂಬಾಗಿಲು ಅರ್ಧಕ್ಕೆ ಎದ್ದು ಮತ್ತೆ ಕೆಳಗೆ ಕೂತಿತು. ಒಳಗೆ ಸುತ್ತಿ ದಾರ ಬಿಗಿದ ರೋಲು ಹೊರಗೆ ಬೀಳಲೊಲ್ಲದು. ಬಾಗಿಲು ಎತ್ತುವ ಸಿಲಿಂಡರಿನ ಪಕ್ಕ ಹೊಗೆಯಂಥದ್ದೇನೋ ಕಾಣುತ್ತಿತ್ತು, ಧೂಳು ಹೊಟ್ಟು ಮೆತ್ತಿದ್ದರಿಂದ ಸೋರುವುದೆಲ್ಲಿ ಅಂತ ತಿಳಿಯುತ್ತಿರಲಿಲ್ಲ. ಡ್ರೈವರ್ ಎಂಜಿನ್ ಚಾಲೂ ಇಟ್ಟು ಲಿವರ್ ಎಳೆದು ಹಿಡಿದಿದ್ದ. ಹುಡುಗ ಅದಕ್ಕೆ ಎಣ್ಣೆ ಒಯ್ಯುವ ಪೈಪಿನ ಉದ್ದಕ್ಕೂ ಅಂಗೈ ಸವರಿ ನೋಡಲು ಬಾಗಿದ.

"ಕೈ ತೆಗಿಯಲೇ!"

ಮಷೀನು ರಿಪೇರಿಯ ಮಿಸ್ತ್ರಿ ಅಷ್ಟೊತ್ತಿಗೆ ಬೈಕಿನಿಂದ ಇಳಿಯುತ್ತಿದ್ದರು, ಸ್ಟ್ಯಾಂಡು ಕೂಡ ಹಾಕಲಿಲ್ಲ. ಆಗ ಹುಡುಗ ಕೇಳಿದ್ದು ಆ ಮಾತು. ಮಿಸ್ತ್ರಿ ಉತ್ತರ ಕೊಡಲಿಲ್ಲ. "ದಾರದ ಡಬ್ಬಿದು ರಟ್ಟು ಹರಕೊಂಡು ಬಾ" ಅಂದರು. ದೂರ ನಿಂತು ಆ ರಟ್ಟನ್ನು ಪೈಪಿನ ಗುಂಟ ಸರಿಸಿದರು. ಒಂದು ಕಡೆ ಬಂದಾಗ ರಟ್ಟಿನ ಮೇಲೆ ಕಪ್ಪು ಗೀರು ಬಿತ್ತು, ಮರುಕ್ಷಣ ಗೀರು ತೂತಾಯಿತು. ಆಮೇಲೆ ಎಡಗೈ ಎತ್ತಿ ತೋರಿಸಿದರು. ನಡುಬೆರಳು ಬುಡದ ಗೆಣ್ಣಿಗೇ ಮುಗಿದಿತ್ತು. "ಸೂಜಿ ಚುಚ್ಚಿದಂಗಾತು, ಅಷ್ಟ. ಸಂಜಿತನ ಕೆಲಸ ಮಾಡೀನಿ. ರಾತ್ರಿ ನೋಡಿದ್ರ ಬದನಿಕಾಯಿ ಆಗಿತ್ತು."

ಹುಡುಗನ ಪ್ರಶ್ನೆಯಲ್ಲಿ ದಡ್ಡತನ ಎಲ್ಲಿದೆ ಹೇಳಿ. ಬೆಂಕಿ ಬಿಸಿ, ಕುಡುಗೋಲು ಹರಿತ, ಕರೆಂಟಿನ ಭಯ ಮಕ್ಕಳಿಗೂ ಗೊತ್ತು. ಎಣ್ಣೆಗೆ ಯಾರು ಹೆದರುತ್ತಾರೆ? ಕಾರಿನ ಟೈರಿನಲ್ಲಿ ಗಾಳಿ ಇರುವುದು ಎರಡು ಬಾರ್ ಚಿಲ್ಲರೆ ಒತ್ತಡದಲ್ಲಿ. ಟ್ರ್ಯಾಕ್ಟರಿನ ಪಂಪು ಅದೇ ಎಣ್ಣೆಯನ್ನು ನೂರೈವತ್ತು ಬಾರ್ ದಾಟಿಸಿ ನೂಕುತ್ತದೆ. ಅದು ಸೂಜಿಮೊನೆಯಷ್ಟು ತೂತಿನಲ್ಲಿ ಹೊರಬಿದ್ದರೆ ಚರ್ಮ ತಡೆಯುವುದಿಲ್ಲ, ಒಳಗೆ ಹೊಕ್ಕ ಎಣ್ಣೆ ಮಾಂಸವನ್ನು ಕೊಳೆಸುತ್ತದೆ. ಮಷೀನಿನ ಮೇಲೆ ಇದರದ್ದೇ ಸ್ಟಿಕ್ಕರ್ ಇತ್ತು, ಅಂಗೈ ಸೀಳುವ ಚಿಮ್ಮುವಿಕೆಯ ಚಿತ್ರ. ಕೆಸರು ಒರೆಸಿ ನೋಡಿದ ಮೇಲೆ ಕಂಡಿತು. ಜೊತೆಗಿರುವ ಪುಸ್ತಕ ಇಂಗ್ಲಿಷಿನದು, ಅದೂ ಮಾಲೀಕನ ಮನೆಯ ಕಪಾಟಿನಲ್ಲಿ.

ಊರಿನ ಡಾಕ್ಟರ್ ಗೆಳೆಯನಿಗೆ ಫೋನ್ ಮಾಡಿ ಕೇಳಿದೆ. ಅವನು ಮುಚ್ಚಿಡದೆ ಹೇಳಿದ: "ಬೆರಳಿಗೆ ಚುಕ್ಕಿಯಷ್ಟು ಗಾಯ ಇಟ್ಕೊಂಡು ಬಂದ್ರೆ ಟಿಟಿ ಕೊಟ್ಟು ಕಳಿಸಿಬಿಡ್ತಿದ್ದೆ. ಪ್ರೆಶರ್ ಎಣ್ಣೆ ಅಂತ ಬಾಯಿಬಿಟ್ಟು ಹೇಳಬೇಕು. ಕೆಲವೇ ತಾಸಿನಲ್ಲಿ ಸರ್ಜನ್ ಕೈ ಕೊಯ್ದು ತೊಳೀಬೇಕಾಗುತ್ತೆ." ನೋವಿಲ್ಲ ಅಂತ ಸುಮ್ಮನಿರುವ ಹುಡುಗ ಯಾಕೆ ಹೇಳುತ್ತಾನೆ, ಯಾರಿಗೆ ಹೇಳುತ್ತಾನೆ.

ಮಿಸ್ತ್ರಿಯ ಕೆಲಸ ನೋಡುವಂಥದ್ದು. ಬಾಗಿಲು ಪೂರ್ತಿ ಕೆಳಗಿಳಿಸಿ, ಎಂಜಿನ್ ಬಂದ್ ಮಾಡಿಸಿ, ಕೀಲಿ ತೆಗೆದು ತಮ್ಮ ಜೇಬಿಗೆ ಹಾಕಿಕೊಂಡರು. ಲಿವರನ್ನು ಹಿಂದೆ ಮುಂದೆ ಆಡಿಸಿ ಒಳಗೆ ಉಳಿದ ಒತ್ತಡ ಇಳಿಸಿದ ಮೇಲಷ್ಟೇ ಪಾನಾ ಹಿಡಿದರು. ಪೈಪು ಕಬ್ಬಿಣದ ಚೌಕಟ್ಟಿಗೆ ತಿಕ್ಕಿ ತಿಕ್ಕಿ ರಬ್ಬರು ಸವೆದು, ಒಳಗಿನ ತಂತಿಜಾಲಿ ತುಕ್ಕು ಹಿಡಿದಿತ್ತು. ಅದು ಒಂದು ದಿನದ ಸವೆತವಲ್ಲ. ಮಾಲೀಕನಿಗೆ ಫೋನ್ ಹಚ್ಚಿದರೆ "ಸೈಕಲ್ ಟ್ಯೂಬ್ ಸುತ್ತಿ ಓಡಸ್ರಿ" ಅನ್ನುತ್ತಾನೆ! ಆ ಮನುಷ್ಯ ನನಗೆ ಮೊದಲಿಂದಲೂ ಸೇರುವುದಿಲ್ಲ. ಎರಡು ತಾಸಿನ ಬಾಡಿಗೆಯಲ್ಲಿ ಹೊಸ ಪೈಪು ಬರುತ್ತಿತ್ತು. ಪೇಟೆಯ ಅಂಗಡಿಯಲ್ಲಿ ಅಳತೆಗೆ ಕತ್ತರಿಸಿ, ಎರಡೂ ತುದಿಗೆ ಫಿಟ್ಟಿಂಗ್ ಇಟ್ಟು ಪ್ರೆಸ್ ಮಾಡಿ ಕೊಡಲು ಚಹಾ ಕುಡಿಯುವಷ್ಟು ಹೊತ್ತು ಸಾಕಾಯಿತು. ತಿರುಗಿ ಬಂದು ಜೋಡಿಸಿ, ಬಾಗಿಲನ್ನು ಒಂದೆರಡು ಸಲ ಎತ್ತಿಳಿಸಿ ಗಾಳಿ ಕಳೆದು, ಎಣ್ಣೆ ಸುರಿದು ಮತ್ತೆ ಶುರು ಮಾಡಿದಾಗ ಹೊತ್ತು ಇಳಿದಿತ್ತು. ಅಣ್ಣ ಅಷ್ಟೂ ಹೊತ್ತು ಮೋಡ ನೋಡುತ್ತ ಗೊಣಗಿದ್ದೇ ಗೊಣಗಿದ್ದು.

ಮರುದಿನ ಲೆಕ್ಕಕ್ಕೆ ಬಂದ ಮಾಲೀಕ, ಮಷೀನು ನಿಂತ ಹೊತ್ತಿಗೆ ಹುಡುಗನ ದುಡ್ಡಿನಲ್ಲಿ ಮುರಿದುಕೊಳ್ಳುವ ಮಾತು ತೆಗೆದ. ಕಾಸಿಗೆ ಕಾಸು ಗಂಟು ಹಾಕುವ ನಮ್ಮಣ್ಣ ಎದ್ದು ನಿಂತ. "ಪೈಪು ನಿಂದು, ಹರದದ್ದು ನಿಂದು, ಪಗಾರ ಅವಂದ್ಯಾಕ ಹಿಡೀತಿ? ಅವನ ರೊಕ್ಕ ಕೊಡೂತನ ನಾನೂ ಬಾಡಿಗಿ ಕೊಡಂಗಿಲ್ಲ ನೋಡು." ಇಬ್ಬರ ನಡುವೆ ಆ ಲೆಕ್ಕ ಇನ್ನೂ ಹರಿದಿಲ್ಲ.